ಟೆಂಡರ್ ಕೆಲಸಕ್ಕೆ ಲ್ಯಾಮಿನೇಟ್ ಕಪಾಟುಗಳನ್ನು ಹೊರಗಡೆ ಮಾಡಿಸಬಹುದಾ?

ನಿಮ್ಮದು ಚಿಕ್ಕ ವರ್ಕ್‌ಶಾಪ್. ಶಾಲೆ, ಕ್ಲಿನಿಕ್, ಆಫೀಸಿನ ಟೆಂಡರ್‌ಗಳಿಗೆ ರೇಟ್ ಹಾಕಬೇಕು ಅಂತಿದ್ದೀರಿ. ಕಪಾಟುಗಳನ್ನು ಫ್ಯಾಕ್ಟರಿಗೆ ಕೊಟ್ಟು ಮಾಡಿಸಿದರೆ ಏನಾದರೂ ಉಳಿಯುತ್ತಾ ಅಂತ ಕೇಳಿದ್ದೀರಿ. ಉಳಿಯುತ್ತೆ. ನಾನು ಮಾಡ್ತಿರೋದೂ ಅದೇ. ಆದರೆ ಬಾಕ್ಸ್ (ಕಪಾಟಿನ ಗೂಡು) ಮತ್ತು ಶಟರ್ (ಅದರ ಬಾಗಿಲು) ಮಾತ್ರ ಹೊರಗೆ ಕೊಡಿ. ಅಳತೆ, ಡ್ರಾಯಿಂಗ್, ಗೋಡೆಗೆ ತಾಗುವ ತುಂಡುಗಳು ನಿಮ್ಮ ಹತ್ತಿರವೇ ಇರಲಿ.

ಇಂಥ ಕೆಲಸದಲ್ಲಿ ಒಂದೇ ಅಳತೆಯ ಬಾಕ್ಸ್ ಸಾಲುಗಟ್ಟಲೆ ಬರುತ್ತೆ. ಬೋರ್ಡ್ ಕೊಯ್ಯುವ ಬೀಮ್ ಸಾ, ಅಂಚಿಗೆ ಪಟ್ಟಿ ಅಂಟಿಸುವ ಎಡ್ಜ್ ಬ್ಯಾಂಡಿಂಗ್ ಮಿಷನ್, ಕಂಪ್ಯೂಟರ್ ಹೇಳಿದಂತೆ ಕೊರೆಯುವ ಸಿಎನ್‌ಸಿ ಇರೋರ ವೇಗಕ್ಕೆ ಟೇಬಲ್ ಸಾ ಇಟ್ಟುಕೊಂಡು ಸಾಟಿ ನಿಲ್ಲೋದು ಕಷ್ಟ. ರಿಸೆಪ್ಷನ್ ಕೌಂಟರ್, ಬಾಗಿದ ಪ್ಯಾನೆಲ್ ಥರದ್ದು ನೀವೇ ಮಾಡಿ, ನಿಮ್ಮ ಕೈಕೆಲಸಕ್ಕೆ ಬೆಲೆ ಸಿಗೋದು ಅಲ್ಲೇ.

ದುಡ್ಡು ಸೋರೋದು ಎಲ್ಲಿ ಅಂದರೆ, ಟೆಂಡರ್‌ನಲ್ಲಿ ಬರೆದಿರೋದಕ್ಕೂ ಫ್ಯಾಕ್ಟರಿಯವರು ಕೊಟೇಶನ್ ಕೊಟ್ಟಿರೋದಕ್ಕೂ ನಡುವೆ. ಟೆಂಡರ್ ಶಟರ್ ಅಂಚಿಗೆ 2 ಮಿ.ಮೀ. ದಪ್ಪದ ಪಿವಿಸಿ ಪಟ್ಟಿ ಕೇಳಿರುತ್ತೆ, ಅವರು ಮಾಮೂಲಿ 0.8 ಹಿಡಿದು ರೇಟ್ ಹಾಕಿರುತ್ತಾರೆ. ಟೆಂಡರ್‌ನಲ್ಲಿ ಹೈ ಪ್ರೆಶರ್ ಲ್ಯಾಮಿನೇಟ್ (ಬೋರ್ಡ್ ಮೇಲೆ ಬೇರೆಯಾಗಿ ಅಂಟಿಸುವ ಗಟ್ಟಿ ಶೀಟ್) ಅಂತಿದ್ದರೆ, ಇವರ ಲೆಕ್ಕದಲ್ಲಿ ಪ್ರಿಲ್ಯಾಮ್ ಬೋರ್ಡ್ (ತೆಳು ಡಿಸೈನ್ ಪೇಪರ್ ಮೊದಲೇ ಒತ್ತಿ ಬರೋ ಬೋರ್ಡ್) ಇರುತ್ತೆ. ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ, ಆದರೆ ಗಟ್ಟಿತನ, ಬೆಲೆ ಎರಡರಲ್ಲೂ ಜಾಸ್ತಿ ವ್ಯತ್ಯಾಸ. ಲ್ಯಾಮಿನೇಟ್ ಒತ್ತಿದ ಶಟರ್‌ಗೆ ಹಿಂಬದಿಗೂ ಬ್ಯಾಲೆನ್ಸಿಂಗ್ ಶೀಟ್ (ಎರಡು ಕಡೆಯ ಎಳೆತ ಸಮ ಮಾಡುವ ಶೀಟ್) ಬೇಕೇ ಬೇಕು, ಇಲ್ಲದಿದ್ದರೆ ಸೊಟ್ಟಗಾಗುತ್ತೆ. ಅದು ರೇಟಿನಲ್ಲಿ ಸೇರಿದೆಯಾ? ಬೀಗ ಯಾರದ್ದು? ಸಾಲಿನ ಕೊನೆಯ ಬಾಕ್ಸಿನ ಹೊರಬದಿ ಎಲ್ಲರಿಗೂ ಕಾಣುತ್ತೆ, ಅದಕ್ಕೂ ಶಟರ್ ಬಣ್ಣವೇ ಬರುತ್ತಾ? ಜೋಡಿಸಿ ಕಳಿಸುತ್ತಾರಾ, ಬಿಡಿ ಪ್ಯಾನೆಲ್ಲಾ? ಲಾರಿಯಿಂದ ಇಳಿಸೋದು ಯಾರು? ಇವೆಲ್ಲ ಬಿಡ್ ಹಾಕೋ ಮೊದಲೇ ಬರಹದಲ್ಲಿ ಬರಲಿ. ನಿಮ್ಮ ಬಿಡ್ ಎಷ್ಟು ದಿನ ಚಾಲ್ತಿಯಲ್ಲಿರಬೇಕೋ ಅವರ ರೇಟೂ ಅಲ್ಲಿವರೆಗೆ ನಿಲ್ಲಬೇಕು. ಟೆಂಡರ್‌ಗೆ ತಿದ್ದುಪಡಿ ಬಂದರೆ ಅದೇ ದಿನ ಅವರಿಗೂ ಕಳಿಸಿ, ಹೊಸ ರೇಟ್ ಕೇಳಿ.

ಹೊಸ ಫ್ಯಾಕ್ಟರಿ ಆದರೆ ಮೊದಲು ದುಡ್ಡು ಕೊಟ್ಟೇ ಒಂದು ಬಾಕ್ಸ್ ಮಾಡಿಸಿ. ಪುಕ್ಕಟೆ ಸ್ಯಾಂಪಲ್ ಯಾವಾಗಲೂ ಚೆನ್ನಾಗಿರುತ್ತೆ ಬಿಡಿ! ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ, ಎರಡು ಕಡೆಯಿಂದಲೂ ಟೇಪ್ ಹಿಡಿಯಿರಿ, ಅಳತೆ ಒಂದೇ ಬರಬೇಕು. ಅಂಚಿನ ಪಟ್ಟಿ ಮೇಲೆ ಉಗುರು ಎಳೆದರೆ ಎಲ್ಲೂ ಸಿಕ್ಕಬಾರದು. ಹಿಂಜ್ ಬಿಚ್ಚಿ, ಅದು ಕೂರುವ 35 ಮಿ.ಮೀ. ಕುಳಿಯ ನೇರಕ್ಕೆ ಶಟರ್‌ನ ಮುಂಭಾಗವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಡ್ರಿಲ್ ಆಳ ಜಾಸ್ತಿಯಾಗಿದ್ದರೆ ಅಲ್ಲಿ ಲ್ಯಾಮಿನೇಟ್ ಸಣ್ಣಗೆ ಉಬ್ಬಿರುತ್ತೆ. ಒಳಗಿನ ತೂತುಗಳು 32 ಮಿ.ಮೀ. ಅಂತರದಲ್ಲಿ, ಮೊದಲ ಸಾಲು ಮುಂದಿನ ಅಂಚಿಂದ 37 ಮಿ.ಮೀ. ಒಳಗೆ ಇದ್ದರೆ ಮುಂದೆ ಬೇರೆ ಕಂಪನಿಯ ಹಿಂಜ್, ಡ್ರಾಯರ್ ಚಾನೆಲ್ ಹಾಕೋಕೂ ತೊಂದರೆ ಇಲ್ಲ.

ಅಳತೆ ವಿಷಯಕ್ಕೆ ಬಂದರೆ, ಪ್ಲಾಸ್ಟರ್ ಆಗದ ಗೋಡೆಯ ಅಳತೆ ಫ್ಯಾಕ್ಟರಿಗೆ ಕಳಿಸಬೇಡಿ. ಕಾಯೋಕೆ ಟೈಮ್ ಇಲ್ಲ ಅಂದರೆ, ಗೋಡೆಯಿಂದ ಗೋಡೆಗೆ ಇಷ್ಟೇ ಜಾಗ ಬಿಟ್ಟುಕೊಡಬೇಕು ಅಂತ ಮುಖ್ಯ ಕಂಟ್ರಾಕ್ಟರ್ ಹತ್ತಿರ ಬರೆಸಿಕೊಳ್ಳಿ. ಹಾಗಿದ್ದರೂ ಗೋಡೆ ನೇರ ಇರೋದಿಲ್ಲ. ಅದಕ್ಕೇ ಗೋಡೆಗೂ ಬಾಕ್ಸಿಗೂ ನಡುವಿನ ಸಂದು ಮುಚ್ಚುವ ಫಿಲ್ಲರ್ ಪಟ್ಟಿಗಳನ್ನು ಅಗಲ ಜಾಸ್ತಿ ಇಟ್ಟು ತರಿಸಿ, ಸೈಟಿನಲ್ಲೇ ಕೊರೆದು ಕೂರಿಸಿ. ಅದೇ ಬ್ಯಾಚಿನ ಲ್ಯಾಮಿನೇಟ್ ಶೀಟ್ ಒಂದೆರಡು ಹೆಚ್ಚುವರಿ ಇಟ್ಟುಕೊಳ್ಳಿ. ಆಮೇಲೆ ತಂದರೆ ಬಣ್ಣ ಒಂದು ಎಳೆ ಆಚೀಚೆ ಆಗಬಹುದು, ಆರ್ಕಿಟೆಕ್ಟ್ ಕಣ್ಣಿಗೆ ಬೀಳೋದು ಅದೇ.

ಇನ್ನು ದುಡ್ಡಿನ ಓಡಾಟ. ಫ್ಯಾಕ್ಟರಿಗೆ ಅಡ್ವಾನ್ಸ್ ಬೇಕು, ಮಾಲು ಹೊರಡೋ ಮುಂಚೆ ಬಾಕಿಯೂ ಬೇಕು. ನಿಮಗೆ ಬಿಲ್ ಬರೋದು ಫಿಟಿಂಗ್ ಆದಮೇಲೆ, ಅದರಲ್ಲೂ ಒಂದು ಪಾಲನ್ನು ಕೆಲಸದಲ್ಲಿ ದೋಷ ಬಂದರೆ ಅಂತ ರಿಟೆನ್ಷನ್ ಹೆಸರಲ್ಲಿ ಹಿಡಿದಿಡುತ್ತಾರೆ. ಲಾಭ ಕಾಗದದ ಮೇಲಿದ್ದರೂ ಅಲ್ಲಿವರೆಗೆ ಕೈಯಿಂದ ಹಾಕೋಕೆ ಆಗುತ್ತಾ ಅಂತ ಮೊದಲೇ ಲೆಕ್ಕ ಹಾಕಿ. ಒಡೆದ ಅಥವಾ ತಪ್ಪು ಅಳತೆಯ ಶಟರ್‌ಗೆ ಬದಲಿ ಎಷ್ಟು ದಿನದಲ್ಲಿ ಕೊಡುತ್ತಾರೆ ಅನ್ನೋದನ್ನೂ ಆರ್ಡರ್‌ನಲ್ಲಿ ಬರೆಸಿ. ಒಂದೇ ಒಂದು ಶಟರ್ ಬಾಕಿ ಇದ್ದರೂ ಇಡೀ ಬಿಲ್ ನಿಲ್ಲಿಸೋ ಕಂಟ್ರಾಕ್ಟರ್‌ಗಳಿದ್ದಾರೆ.