ಒಂದೇ ಕಿವಿಗೆ ಬೈನಾರಲ್ ಬೀಟ್

ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿ ಚಟುವಟಿಕೆಯ ತೊಂದರೆ) ಇರುವ ಮಕ್ಕಳ ಮನೆಯವರು ಆಪ್ತಸಲಹೆಗೆ ಬಂದಾಗ ಈಚೆಗೆ ಮೊಬೈಲಿನಲ್ಲಿ ಯಾವುದಾದರೊಂದು ಆ್ಯಪ್ ತೋರಿಸಿಯೇ ಮಾತು ಶುರುಮಾಡುತ್ತಾರೆ. "ಮಾತ್ರೆ ಇಲ್ದೆ ಬ್ರೈನ್‌ವೇವ್ ಸರಿಮಾಡೋ ಸೌಂಡ್ ಇದೆಯಂತಲ್ಲ ಮೇಡಂ?" ಸಕಲೇಶಪುರದ ಕಡೆಯ ಈ ಪ್ರಕರಣ ಬರೆಯುತ್ತಿರುವುದು ಅದಕ್ಕೇ. ಗುರುತು ಸಿಗದಂತೆ ವಿವರ ಬದಲಿಸಿದೆ.

ಆರನೇ ತರಗತಿಯ ಹುಡುಗ, ತಂದೆಗೆ ಕಾಫಿ ತೋಟ. ಮನೋವೈದ್ಯರು ಮನೆ, ಶಾಲೆ ಎರಡೂ ಕಡೆ ವಿಚಾರಿಸಿ, ಎಡಿಎಚ್‌ಡಿ ಎಂದು ಖಚಿತಪಡಿಸಿಕೊಂಡು ಮೀಥೈಲ್‌ಫೆನಿಡೇಟ್ ಎಂಬ ಮಾತ್ರೆ ಬರೆದಿದ್ದರು. ತಂದೆ ಆ ಚೀಟಿಯನ್ನು ಬೀರುವಿನಲ್ಲಿಟ್ಟು, 'ಬೈನಾರಲ್ ಬೀಟ್' ಎಂಬ ಸದ್ದು ಕೇಳಿಸುವ ಆ್ಯಪ್‌ಗೆ ವರ್ಷದ ದುಡ್ಡು ಕಟ್ಟಿದರು. ಹೋಂವರ್ಕ್ ಮುಗಿಯತೊಡಗಿತು. ಶಾಲೆಯ ದೂರು ಮಾತ್ರ ಹಾಗೇ ಇತ್ತು.

ಮನೆಯಲ್ಲಿ ಕೇಳುವ ಹಾಗೆಯೇ ಕೇಳಿ ತೋರಿಸು ಎಂದಾಗ ಹುಡುಗ ಬಲಗಿವಿಗೆ ಮಾತ್ರ ಇಯರ್‌ಬಡ್ ಸಿಕ್ಕಿಸಿಕೊಂಡ. "ಇನ್ನೊಂದು?" "ಕಣದಲ್ಲಿ ಬಿದ್ದೋಯ್ತು ಮಿಸ್. ತಗೊಂಡ ವಾರಾನೇ." ತಂದೆ ಮಗನ ಮುಖ ನೋಡಿದರು. "ಒಂದ್ ಕಿವೀಲಾದ್ರೂ ಕೇಳ್ತಿದ್ನಲ್ಲ, ಅಷ್ಟು ಸಾಲ್ದಾ?"

ಸಾಲದು. ಬೈನಾರಲ್ ಬೀಟ್‌ಗೆ ಎರಡೂ ಕಿವಿ ಬೇಕೇ ಬೇಕು. ಎಡಗಿವಿಗೆ 200 ಹರ್ಟ್ಸ್, ಬಲಗಿವಿಗೆ 216 ಹರ್ಟ್ಸ್ ಕೊಟ್ಟರೆ ಮಿದುಳುಕಾಂಡದಲ್ಲಿ ಎರಡೂ ಕೂಡಿ, ವ್ಯತ್ಯಾಸದ 16 ಹರ್ಟ್ಸ್ ಮಿಡಿತವಾಗಿ ಕೇಳಿಸುತ್ತದೆ. ಆ ಮಿಡಿತ ಹೊರಗಿನ ಗಾಳಿಯಲ್ಲಿಲ್ಲ, ಕೇಳುವವರ ತಲೆಯೊಳಗೆ ಹುಟ್ಟುವಂಥದ್ದು. ಒಂದು ಬಡ್ ಹೋದರೆ ಉಳಿಯುವುದು ಬರೀ ಗುಂಯ್ ಸದ್ದು. ಫೋನಿನಲ್ಲಿ 'ಮೋನೋ ಆಡಿಯೋ' ಆನ್ ಆಗಿದ್ದರೂ ಎರಡು ಸ್ವರ ಮೊದಲೇ ಬೆರೆತು ಬರುತ್ತವೆ. (ಐಸೋಕ್ರಾನಿಕ್ ಟೋನ್ ಬೇರೆ. ಅದು ತುಂಡು ತುಂಡಾಗಿ ಬರುವ ಒಂದೇ ಸ್ವರ, ಸ್ಪೀಕರಿನಲ್ಲೂ ಕೇಳಬಹುದು.)

ಹಾಗಾದರೆ ಹೋಂವರ್ಕ್ ಮುಗಿದದ್ದು ಹೇಗೆ? ತಾಯಿಯನ್ನು ಕೇಳುತ್ತ ಹೋದಾಗ ಒಂದೊಂದೇ ಹೊರಬಂತು. ಆ್ಯಪ್ ಹಾಕುವಾಗ ಟಿವಿ ಆಫ್. ದಿನವೂ ಸಂಜೆ ಅದೇ ಹೊತ್ತು, ಅದೇ ಜಾಗ. 20 ನಿಮಿಷದ ಟ್ರ್ಯಾಕ್ ಮುಗಿಯುವವರೆಗೆ ತಾಯಿ ಪಕ್ಕದಲ್ಲೇ ಕೂತು ಬಟ್ಟೆ ಮಡಚುತ್ತಿದ್ದರು. ಆಮೇಲೆ ಹುಡುಗ ಎದ್ದು ಓಡಾಡಬಹುದಿತ್ತು. ಎಡಿಎಚ್‌ಡಿ ಮಕ್ಕಳ ಮನೆಯವರಿಗೆ ನಾವು ಹೇಳಿಕೊಡುವುದೇ ಇದನ್ನು. ತರಗತಿಯಲ್ಲಿ ಇದ್ಯಾವುದೂ ಇರಲಿಲ್ಲ, ಅಲ್ಲಿ ಏನೂ ಬದಲಾಗಲೂ ಇಲ್ಲ.

ತಂದೆಗೆ ಸಿಟ್ಟು ಬಂತು. "ನೀವೂ ಮಾತ್ರೆ ಕಡೆಯವರೇ ಬಿಡಿ." ಮಾತ್ರೆ ಬರೆಯುವುದು ಆಪ್ತಸಲಹೆಗಾರರ ಕೆಲಸವಲ್ಲ, ಮಾರುವುದಂತೂ ಅಲ್ಲವೇ ಅಲ್ಲ. ಆದರೆ ದುಡ್ಡು ಕಟ್ಟಿಸಿಕೊಂಡ ಆ್ಯಪ್‌ನ ಬಗ್ಗೆ ಯಾರೂ ಕೇಳದ 'ಇದರಿಂದ ಉಪಯೋಗ ಎನ್ನಲು ಆಧಾರವೇನು' ಎಂಬ ಪ್ರಶ್ನೆಯನ್ನು ಮಾತ್ರೆಯ ಬಗ್ಗೆ ಮಾತ್ರ ಕೇಳುವುದು ನ್ಯಾಯವಲ್ಲ. 2010ರಲ್ಲಿ ಪ್ರಕಟವಾದ, 20 ಮಕ್ಕಳ ಪುಟ್ಟ ಅಧ್ಯಯನವೊಂದರಲ್ಲಿ ಬೈನಾರಲ್ ಬೀಟ್ ಕೇಳಿದವರಿಗೂ ಹುಸಿ ಟ್ರ್ಯಾಕ್ ಕೇಳಿದವರಿಗೂ ಗಮನದ ಪರೀಕ್ಷೆಗಳಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಈ ಹುಡುಗನಿಗೆ ರಾತ್ರಿ ಹಾಕುತ್ತಿದ್ದ 'ಥೀಟಾ' ಟ್ರ್ಯಾಕ್ (ಮಿದುಳಿನ ಥೀಟಾ ಅಲೆ ಹೆಚ್ಚಿಸುತ್ತದೆ ಎನ್ನುವಂಥದ್ದು) ಇನ್ನೂ ವಿಚಿತ್ರ: ಎಡಿಎಚ್‌ಡಿ ಇರುವ ಕೆಲವು ಮಕ್ಕಳ ಇಇಜಿಯಲ್ಲಿ (ಮಿದುಳಿನ ವಿದ್ಯುತ್ ಅಲೆಗಳ ದಾಖಲೆ) 4ರಿಂದ 8 ಹರ್ಟ್ಸ್‌ನ ಥೀಟಾ ಅಲೆಯೇ ಹೆಚ್ಚಿರುತ್ತದೆ. ಅಲೆ ತಿದ್ದುತ್ತೇವೆ ಎನ್ನುವವರ ಲೆಕ್ಕದಲ್ಲೇ ಅದು ತಿರುಗುಮುರುಗು.

ವೈಟ್ ನಾಯ್ಸ್‌ನ ಮಾತು ಬೇರೆ. ಮಳೆ ಸುರಿದಂತೆ ಕೇಳುವ ಆ ಸದ್ದಿನಿಂದ ಎಡಿಎಚ್‌ಡಿ ಮಕ್ಕಳಿಗೆ ತುಸು ಅನುಕೂಲ ಕಂಡಿದೆ. ತೊಂದರೆಯಿಲ್ಲದ ಮಕ್ಕಳಿಗೆ ಅದೇ ಅಡ್ಡಿ. ಅದೇ ಕೋಣೆಯಲ್ಲಿ ಓದುವ ತಂಗಿ ಇದ್ದರೆ ಸ್ಪೀಕರಿನಲ್ಲಿ ಹಾಕಬಾರದು.

ಆ್ಯಪ್ ಕಿತ್ತುಹಾಕಿ ಎಂದು ಹೇಳಲಿಲ್ಲ. ಹಾಗೆಂದರೆ ತಾಯಿ ಪಕ್ಕದಲ್ಲಿ ಕೂರುವುದೂ ನಿಲ್ಲುವ ಅಪಾಯವಿತ್ತು. ಎರಡು ವಾರ ಹೀಗೆ ಮಾಡಲು ಹೇಳಿದೆ: ಟಿವಿ ಆಫ್, ತಾಯಿ ಪಕ್ಕ, 20 ನಿಮಿಷ, ಇವು ದಿನವೂ ಇರಲಿ. ಸದ್ದು ಬೇಕೋ ಬೇಡವೋ ಎಂಬುದನ್ನು ಮಾತ್ರ ಚೀಟಿ ಎತ್ತಿ ತೀರ್ಮಾನಿಸಿ. ಎಷ್ಟು ಲೆಕ್ಕ ಸರಿಯಾಯಿತು, ಎಷ್ಟು ಸಲ ಎದ್ದ, ಎರಡನ್ನೇ ಬರೆದಿಡಿ. ನೋಟ್‌ಬುಕ್ ತಿದ್ದುವವರಿಗೆ ಅಂದು ಸದ್ದು ಇತ್ತೇ ಎಂದು ತಿಳಿಯಬಾರದು. ಅಜ್ಜನಿಗೆ ಆ ಕೆಲಸ ಕೊಡಿ. ತಂತಿಯ ಇಯರ್‌ಫೋನ್ ಬಳಸಿ, ಎರಡೂ ಕಿವಿಗೆ. ಒಂದು ಮಾರು ದೂರದಿಂದ ಮಾಮೂಲಿ ದನಿಯಲ್ಲಿ ಕರೆದದ್ದು ಕೇಳಿಸದಿದ್ದರೆ ಸದ್ದು ಜಾಸ್ತಿ ಎಂದೇ ಅರ್ಥ. ಮಲಗುವಾಗ ಯಾವ ಟ್ರ್ಯಾಕೂ ಬೇಡ.

ವೈದ್ಯರು ಬರೆದ ಮಾತ್ರೆಯ ಚೀಟಿಯ ವಿಷಯ ಇದರ ಫಲಿತಾಂಶಕ್ಕೆ ಕಾಯುವಂಥದ್ದಲ್ಲ. ಹಸಿವು ಕಡಿಮೆಯಾಗುವುದು, ನಿದ್ದೆ ತಡವಾಗುವುದು, ತೂಕ, ಎತ್ತರ, ಯಾವುದರ ಬಗ್ಗೆ ಭಯವಿದೆಯೋ ಅದನ್ನು ಬರೆದುಕೊಂಡು ಆ ವೈದ್ಯರನ್ನೇ ಕೇಳಿ ಎಂದೆ. ತಾಯಿ ಅಲ್ಲೇ ಬರೆದುಕೊಂಡರು. ತಂದೆ ಮಾತ್ರ ಹೊರಡುವಾಗ ಮಿನುಗುವ ಬೆಳಕಿನ ಕನ್ನಡಕವೊಂದಕ್ಕೆ ಆರ್ಡರ್ ಹಾಕಿದ್ದೇನೆ ಎಂದರು. ಹುಡುಗನಿಗೆ ಚಿಕ್ಕಂದಿನಲ್ಲಿ ಎರಡು ಸಲ ಫಿಟ್ಸ್ ಬಂದಿತ್ತೆಂದು ತಾಯಿ ಹೇಳಿದ್ದೂ ಆಗಲೇ. ಮಿನುಗುವ ಬೆಳಕಿನಿಂದ ಕೆಲವರಿಗೆ ಫಿಟ್ಸ್ ಬರುತ್ತದೆ. ವೈದ್ಯರು ಹೇಳುವವರೆಗೆ ಆ ಪೆಟ್ಟಿಗೆ ಒಡೆಯಲೇಬೇಡಿ, ಸಾಧ್ಯವಾದರೆ ವಾಪಸ್ ಕಳಿಸಿ ಎಂದು ಕಾಗದದಲ್ಲಿ ಬರೆದೇ ಕೊಟ್ಟೆ.