ಕಿರುಚುವುದಷ್ಟೇ ಕೆಲಸವಾ?

ಪ್ರಶ್ನೆ: ಹಳೇ ಕಪ್ಪು-ಬಿಳುಪು ಹಾರರ್ ಸಿನಿಮಾಗಳಲ್ಲಿ ನಟಿಯರಿಗೆ ಕಿರುಚುವುದು, ಮೂರ್ಛೆ ಬೀಳುವುದು ಬಿಟ್ಟರೆ ಬೇರೆ ಕೆಲಸ ಇರಲಿಲ್ಲ ಅಲ್ವಾ? (ಹಾಸನದ ಓದುಗರು)

ಉತ್ತರ: ಕಿರುಚುವುದು ಸುಲಭ ಅಂತ ನಿಮಗೆ ಯಾರು ಹೇಳಿದರು ಸ್ವಾಮಿ? 1933ರ 'ಕಿಂಗ್ ಕಾಂಗ್' ತಗೊಳ್ಳಿ. ಆ ದೈತ್ಯ ಗೊರಿಲ್ಲಾ ಹೆಚ್ಚಿನ ದೃಶ್ಯಗಳಲ್ಲಿ ಒಂದೂವರೆ-ಎರಡು ಅಡಿಯ ಬೊಂಬೆ. ಅದನ್ನು ಚೂರುಚೂರೇ ಅಲುಗಿಸಿ ಒಂದೊಂದೇ ಫ್ರೇಮ್ ತೆಗೆದರು. ನಾಯಕಿ ಫೇ ರೇ ಪಾಲಿಗೆ ಬಂದದ್ದು ಒಂದು ದೊಡ್ಡ ಯಂತ್ರದ ಕೈ. ಅದರೊಳಗೆ ಅವರನ್ನು ಇಟ್ಟು, ಬೆರಳು ಬಿಗಿಮಾಡಿ, ಮೇಲಕ್ಕೆ ಎತ್ತುತ್ತಿದ್ದರು. ಒದ್ದಾಡಿದಷ್ಟೂ ಬೆರಳು ಸಡಿಲವಾಗುತ್ತಿತ್ತಂತೆ, ಅಂದರೆ ಗೊರಿಲ್ಲಾದ ಭಯ ನಟನೆ ಆದರೂ ಬೀಳುವ ಭಯ ಅಸಲಿ. ಆ ಕಿರುಚಾಟವನ್ನೆಲ್ಲ ಶೂಟಿಂಗ್ ಮುಗಿದ ಮೇಲೆ ಸ್ಟುಡಿಯೋದಲ್ಲಿ ಮೈಕಿನ ಮುಂದೆ ನಿಂತು ಒಟ್ಟಿಗೆ ರೆಕಾರ್ಡ್ ಮಾಡಿಕೊಟ್ಟರು. ಎದುರಿಗೆ ಏನೂ ಇಲ್ಲದೆ ಹಾಗೆ ಕೂಗಿ, ನೋಡಿ, ಗಂಟಲಿನ ಕಥೆ ಗೊತ್ತಾಗುತ್ತದೆ! 2004ರಲ್ಲಿ ಅವರು ತೀರಿಕೊಂಡಾಗ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ದೀಪಗಳನ್ನು 15 ನಿಮಿಷ ಆರಿಸಿದ್ದರು.

ಪ್ರಶ್ನೆ: ಫ್ರಾಂಕೆನ್‌ಸ್ಟೈನ್ ರಾಕ್ಷಸನ ಮದುಮಗಳ ಆ ಕೂದಲು ವಿಗ್ಗಾ? (ಉಡುಪಿಯ ಓದುಗರು)

ಉತ್ತರ: ಪೂರ್ತಿ ವಿಗ್ ಅಲ್ಲ. 1935ರ ಆ 'ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್' ಚಿತ್ರದಲ್ಲಿ ಮದುಮಗಳಾದ ಎಲ್ಸಾ ಲ್ಯಾಂಚೆಸ್ಟರ್ ತಲೆ ಮೇಲೆ ತಂತಿಯ ಚೌಕಟ್ಟು ಇಟ್ಟು, ಅದರ ಮೇಲೆ ಅವರದೇ ಕೂದಲನ್ನು ಬಾಚಿ ನಿಲ್ಲಿಸಿದ್ದರು. ಎರಡೂ ಬದಿಯ ಬಿಳಿ ಪಟ್ಟೆ ಮಾತ್ರ ಆಮೇಲೆ ಸೇರಿಸಿದ್ದು. ಈಜಿಪ್ಟಿನ ರಾಣಿ ನೆಫರ್ಟಿಟಿಯ ಪ್ರತಿಮೆ ಇದಕ್ಕೆ ಪ್ರೇರಣೆ. ಮೈತುಂಬ ಬ್ಯಾಂಡೇಜ್, ಎತ್ತರ ಕಾಣಲಿ ಅಂತ ಕಾಲಿಗೆ ಮರಗಾಲು. ಇಷ್ಟೆಲ್ಲ ಮಾಡಿ ತೆರೆ ಮೇಲೆ ಇರುವುದು ಕೆಲವೇ ನಿಮಿಷ, ಒಂದೇ ಒಂದು ಮಾತಿಲ್ಲ! ಆದರೂ ಸಿನಿಮಾ ಹೆಸರು ಹೇಳಿದರೆ ಎಲ್ಲರಿಗೂ ಮೊದಲು ನೆನಪಾಗುವುದು ಆಕೆಯೇ. ಆ ಕತ್ತು ನೋಡಿ. ಹಕ್ಕಿ ಹಾಗೆ ಪಟಪಟ ತಿರುಗಿಸುತ್ತಾರೆ, ಮದುಮಗ ಹತ್ತಿರ ಬಂದು ಮುಟ್ಟಿದರೆ ಕಿಟಾರನೆ ಕಿರುಚುತ್ತಾರೆ, ಕೊನೆಗೆ ಬುಸ್ ಅಂತಾರೆ. ಆ ಬುಸುಗುಡುವಿಕೆಯನ್ನು ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಹಂಸಗಳಿಂದ ಕಲಿತೆ ಅಂತ ಅವರೇ ಹೇಳಿದ್ದಾರೆ. ಇನ್ನೊಂದು ತಮಾಷೆ: ಚಿತ್ರದ ಶುರುವಿನಲ್ಲಿ ಬರುವ, ಮೂಲ ಕಾದಂಬರಿ ಬರೆದ ಲೇಖಕಿ ಮೇರಿ ಶೆಲ್ಲಿ ಪಾತ್ರವೂ ಇವರದೇ. ನಟರ ಪಟ್ಟಿಯಲ್ಲಿ ಅದಕ್ಕೆ ಇವರ ಹೆಸರು ಹಾಕಿದ್ದಾರೆ, ಮದುಮಗಳ ಪಾತ್ರದ ಎದುರು ಮಾತ್ರ ಬರೀ ಪ್ರಶ್ನಾರ್ಥಕ ಚಿಹ್ನೆ. ಕೂದಲು ಅಷ್ಟೆತ್ತರ ನಿಲ್ಲಿಸಿಕೊಂಡವರಿಗೆ ಹೆಸರನ್ನೇ ಕೊಡಲಿಲ್ಲ ನೋಡಿ.

ಪ್ರಶ್ನೆ: 'ಸೈಕೋ' ಸಿನಿಮಾದ ಸ್ನಾನದ ಮನೆಯ ರಕ್ತ? (ದಾವಣಗೆರೆಯ ಓದುಗರು)

ಉತ್ತರ: ಚಾಕೊಲೇಟ್ ಸಿರಪ್. ಕಪ್ಪು-ಬಿಳುಪಿನಲ್ಲಿ ಅದೇ ಚೆನ್ನಾಗಿ ಕಾಣುತ್ತದೆ. ಸಿನಿಮಾ ಅರ್ಧ ಆಗುವ ಮೊದಲೇ ನಾಯಕಿ ಸಾಯುವುದು 1960ರ ಪ್ರೇಕ್ಷಕರಿಗೆ ದೊಡ್ಡ ಶಾಕ್. ಆ ಪಾತ್ರಕ್ಕೆ ಜಾನೆಟ್ ಲೀ ಆಸ್ಕರ್‌ಗೆ ನಾಮನಿರ್ದೇಶನಗೊಂಡರು. ಆಮೇಲೆ ಅವರು ಶವರ್ ಸಹವಾಸವನ್ನೇ ಆದಷ್ಟು ಬಿಟ್ಟರಂತೆ.

ಪ್ರಶ್ನೆ: ರಾಕ್ಷಸ, ರಕ್ತ ಎರಡೂ ಇಲ್ಲದೆ ಹೆದರಿಸುವ ಒಂದು ಹಳೇ ಸಿನಿಮಾ ಹೇಳಿ. (ಧಾರವಾಡದ ಓದುಗರು)

ಉತ್ತರ: 1942ರ 'ಕ್ಯಾಟ್ ಪೀಪಲ್'. ದುಡ್ಡು ಕಮ್ಮಿ, ಹಾಗಾಗಿ ನೆರಳಲ್ಲೇ ಕೆಲಸ ಮುಗಿಸಿದ್ದಾರೆ, ಅದೇ ಒಳ್ಳೇದಾಯಿತು. ಫ್ರೆಂಚ್ ನಟಿ ಸಿಮೋನ್ ಸಿಮೋನ್ ಅವರದು ಸರ್ಬಿಯಾದಿಂದ ನ್ಯೂಯಾರ್ಕಿಗೆ ಬಂದ ಹುಡುಗಿಯ ಪಾತ್ರ. ಪ್ರೀತಿ ಉಕ್ಕಿದರೆ ತಾನು ಚಿರತೆ ಆಗಿಬಿಡುತ್ತೇನೆ ಅಂತ ಆಕೆಯ ಭಯ. ಪಾಪ, ಮದುವೆ ಆದಮೇಲೂ ಗಂಡನನ್ನು ಹತ್ತಿರ ಸೇರಿಸುವುದಿಲ್ಲ. ಬೆಕ್ಕಿನಂಥ ಆ ಮುಖ ನೋಡಿದರೆ ಹೆದರಬೇಕೋ ಮರುಗಬೇಕೋ ಗೊತ್ತಾಗುವುದಿಲ್ಲ. ಈಜುಕೊಳದ ದೃಶ್ಯ ಮಾತ್ರ ರಾತ್ರಿ ಒಬ್ಬರೇ ನೋಡಬೇಡಿ. ಗಂಡನ ಸಹೋದ್ಯೋಗಿ ಒಬ್ಬಳೇ ಕತ್ತಲ ನೀರಲ್ಲಿ, ಗೋಡೆ ಮೇಲೆಲ್ಲ ನೀರಿನ ಬೆಳಕು ಕುಣಿಯುತ್ತಿರುತ್ತದೆ, ಎಲ್ಲೋ ಒಂದು ಗುರ್ ಅನ್ನೋ ಸದ್ದು, ಅವಳು ಕೂಗುತ್ತಾಳೆ. ದೀಪ ಹಾಕಿದರೆ ಸಿಮೋನ್ ಸುಮ್ನೆ ಕೋಟು ಹಾಕಿಕೊಂಡು ನಿಂತಿರುತ್ತಾರೆ, ಏನೂ ಆಗದವರ ಹಾಗೆ. ಆಮೇಲೆ ನೋಡಿದರೆ ಈಜುತ್ತಿದ್ದವಳ ಬಟ್ಟೆ ಚಿಂದಿ ಚಿಂದಿ. ಚಿರತೆ ಕಾಣಿಸಿದ್ದರೆ ಇಷ್ಟು ಹೆದರಿಕೆ ಆಗುತ್ತಿತ್ತಾ? ನನಗಂತೂ ಇಲ್ಲ.

ಪ್ರಶ್ನೆ: ನಮ್ಮ ಕಡೆಯ ಬಿಳಿ ಸೀರೆ ದೆವ್ವ ಎಲ್ಲಿಂದ ಬಂದಳು? (ಮಂಡ್ಯದ ಓದುಗರು)

ಉತ್ತರ: ದಾರಿ ತೋರಿಸಿದ್ದು 1949ರ ಹಿಂದಿ 'ಮಹಲ್'. ಆಗ ಮಧುಬಾಲಾಗೆ ಬರೀ 16 ವರ್ಷ! ಪಾಳು ಬಂಗಲೆಯಲ್ಲಿ ಉಯ್ಯಾಲೆ, ಲತಾ ಹಾಡು, ಹಿಂದೆ ಓಡುವ ಅಶೋಕ್ ಕುಮಾರ್. 1964ರಲ್ಲಿ 'ವೋ ಕೌನ್ ಥಿ' ಬಂತು, ಅದರಲ್ಲಿ ಮಳೆ ರಾತ್ರಿ ರಸ್ತೆಯಲ್ಲಿ ಬಿಳಿ ಸೀರೆಯ ಸಾಧನಾ. ಎರಡರಲ್ಲೂ ದೆವ್ವ ನಿಜವಾಗಿ ದೆವ್ವ ಅಲ್ಲ (ನೋಡಿಲ್ಲದವರು ಕ್ಷಮಿಸಿ, ಇಷ್ಟು ವರ್ಷ ಆದಮೇಲೆ ಗುಟ್ಟು ಎಂಥದ್ದು). ಮಂಡ್ಯದವರು ಕೇಳಿದ್ದಕ್ಕೆ ಹೇಳುತ್ತೇನೆ: ಈ ಸಾಧನಾ ಚಿತ್ರವನ್ನು 1966ರಲ್ಲಿ ತಮಿಳಿಗೆ 'ಯಾರ್ ನೀ' ಅಂತ ತೆಗೆದಾಗ ಆ ಪಾತ್ರ ಮಾಡಿದ್ದು ನಿಮ್ಮದೇ ಜಿಲ್ಲೆಯ ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ.