ಸಂಕಕ್ಕೆ ಹಾಕಿದ ಮರ ಯಾವುದು?

ಆತ್ಮೀಯರೇ, ನಮಸ್ಕಾರ.

ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೇಬಲ್‌ನ ‘ದಿ ಹೇ ವೇನ್’ (ಹುಲ್ಲಿನ ಬಂಡಿ) ಚಿತ್ರವನ್ನು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ನೋಡಿಬಂದು, ಮನಸ್ಸಿಗೂ ನೆಲಕ್ಕೂ ಇರುವ ನಂಟಿನ ಬಗ್ಗೆ ನೀವು ಬರೆದ ಪ್ರಬಂಧ ತಲುಪಿದೆ. ಭಾಷೆ ಶುದ್ಧವಾಗಿದೆ, ಓಟವಿದೆ, ಕಾಗುಣಿತದ ತಪ್ಪುಗಳಿಲ್ಲ. ಆದರೂ ಅದನ್ನು ಈಗಿರುವಂತೆ ಪ್ರಕಟಿಸಲಾರೆ. ಅದರ ಎರಡು ವಾಕ್ಯಗಳು ನನ್ನನ್ನು ಬಹಳ ಕಾಡಿದವು. ಅವುಗಳ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲನೆಯದು: “ನದಿಯ ದಂಡೆಯಲ್ಲಿ ಕುಳಿತು, ಪ್ರಕೃತಿಯಲ್ಲಿ ಲೀನನಾಗಿ, ತನ್ನನ್ನೇ ಮರೆತು ಕಲಾವಿದ ಈ ಚಿತ್ರವನ್ನು ರಚಿಸಿದ.” ಆ ನದಿಯ ಹೆಸರು ನಿಮ್ಮ ಪ್ರಬಂಧದಲ್ಲಿ ಎಲ್ಲಿಯೂ ಇಲ್ಲ. ಅದು ಸ್ಟೌರ್, ಸಫೋಕ್ ಮತ್ತು ಎಸೆಕ್ಸ್ ಸೀಮೆಗಳ ಗಡಿಯಲ್ಲಿ ಹರಿಯುವ ನದಿ. ಚಿತ್ರದಲ್ಲಿರುವುದು ಫ್ಲಾಟ್‌ಫರ್ಡ್‌ನಲ್ಲಿ ಅವನ ತಂದೆ ನಡೆಸುತ್ತಿದ್ದ ಹಿಟ್ಟಿನ ಗಿರಣಿಯ ಪಕ್ಕದ ನೀರು. ಎಡಗಡೆ ಕಾಣುವುದು ನೆರೆಯ ರೈತ ವಿಲ್ಲಿ ಲಾಟ್‌ನ ಮನೆ. ಇನ್ನು ದಂಡೆಯಲ್ಲಿ ಕುಳಿತ ಮಾತು. ಸುಮಾರು 130 ಸೆಂಟಿಮೀಟರ್ ಎತ್ತರ, 185 ಸೆಂಟಿಮೀಟರ್ ಅಗಲದ ಆ ಕ್ಯಾನ್ವಾಸನ್ನು ಅವನು ತುಂಬಿಸಿದ್ದು ಲಂಡನ್ನಿನಲ್ಲಿ, ನಾಲ್ಕು ಗೋಡೆಗಳ ಒಳಗೆ, ಹಿಂದಿನ ವರ್ಷಗಳಲ್ಲಿ ಊರಿನಲ್ಲಿ ಬಿಡಿಸಿಟ್ಟುಕೊಂಡಿದ್ದ ಚಿಕ್ಕ ಚಿಕ್ಕ ಅಭ್ಯಾಸಚಿತ್ರಗಳನ್ನು ಮುಂದಿಟ್ಟುಕೊಂಡು. ಅಷ್ಟೇ ಅಳತೆಯ ಕರಡೊಂದನ್ನು ಎಣ್ಣೆಬಣ್ಣದಲ್ಲಿ ಮೊದಲು ಮಾಡಿಕೊಂಡ. ನೀರಿನ ನಡುವೆ ನಿಂತ ಬಂಡಿಯ ವಿವರ ಸರಿಯಾಗಿ ಬೇಕೆನಿಸಿದಾಗ ಊರಿಗೆ ಹೇಳಿಕಳುಹಿಸಿ ಬಂಡಿಯ ರೇಖಾಚಿತ್ರ ತರಿಸಿಕೊಂಡ. ಇದು ತನ್ನನ್ನು ಮರೆತವನ ಕೆಲಸವಲ್ಲ. ಹುಟ್ಟಿದ ಜಾಗದಿಂದ ದೂರವಿದ್ದು, ಅದನ್ನು ತಪ್ಪಿಲ್ಲದೆ ನೆನೆಯಲು ಹೆಣಗಿದವನ ಕೆಲಸ. ನಿಮ್ಮ ವಿಷಯಕ್ಕೆ ಇದಕ್ಕಿಂತ ಹತ್ತಿರದ ಸಂಗತಿ ಬೇರೆ ಯಾವುದಿತ್ತು? ಅದನ್ನು ‘ಲೀನ’ ಎಂಬ ಒಂದು ಪದದ ಕೆಳಗೆ ಹೂತುಬಿಟ್ಟಿದ್ದೀರಿ.

ಎರಡನೆಯ ವಾಕ್ಯ: “ಬೆಳ್ಮುಗಿಲುಗಳು ಕನಸಿನಂತೆ ತೇಲುತ್ತಿವೆ.” ದಯವಿಟ್ಟು ಚಿತ್ರವನ್ನು ಮತ್ತೊಮ್ಮೆ ನೋಡಿ. ಆ ಮೋಡಗಳ ಹೊಟ್ಟೆ ಕಪ್ಪಾಗಿದೆ. ದೂರದ ಹುಲ್ಲುಗಾವಲಿನ ಮೇಲೆ ಮಾತ್ರ ಬಿಸಿಲು ಬಿದ್ದಿದೆ. ಕಾನ್‌ಸ್ಟೇಬಲ್ ಹುಡುಗನಾಗಿದ್ದಾಗ ತಂದೆಯ ಗಿರಣಿಗಳಲ್ಲಿ ದುಡಿದವನು. ಗಾಳಿಗಿರಣಿಯಲ್ಲಿ ಕೆಲಸ ಮಾಡುವವನಿಗೆ ಗಾಳಿ ಯಾವ ಕಡೆಯಿಂದ ಬರುತ್ತಿದೆ, ಯಾವಾಗ ಜೋರಾಗುತ್ತದೆ ಎಂಬುದು ಹೊಟ್ಟೆಪಾಡಿನ ವಿಚಾರ. 1821 ಮತ್ತು 1822ರಲ್ಲಿ ಅವನು ಲಂಡನ್ ಬಳಿಯ ಹ್ಯಾಂಪ್‌ಸ್ಟೆಡ್‌ನಲ್ಲಿ ಹತ್ತಾರು ಮೋಡದ ಚಿತ್ರಗಳನ್ನು ಬರೆದ. ಅವುಗಳಲ್ಲಿ ಹಲವದರ ಹಿಂಬದಿಯಲ್ಲಿ ತಾರೀಖು, ಹೊತ್ತು, ಗಾಳಿಯ ದಿಕ್ಕು ನಮೂದಾಗಿವೆ. ನೀವು ನೋಡಿದ ಚಿತ್ರವನ್ನು 1821ರಲ್ಲಿ ರಾಯಲ್ ಅಕಾಡೆಮಿಯಲ್ಲಿ ಮೊದಲು ಪ್ರದರ್ಶಿಸಿದಾಗ ಅದಕ್ಕೆ ಅವನಿಟ್ಟ ಹೆಸರು ‘ನಿಸರ್ಗಚಿತ್ರ: ಮಧ್ಯಾಹ್ನ’ ಎಂದು. ಹೊತ್ತನ್ನು ಹೆಸರಿನಲ್ಲಿಯೇ ಹೇಳಿದವನ ಆಕಾಶಕ್ಕೆ ಕನಸಿನ ಹೋಲಿಕೆ ಕೊಡುವುದು ನನಗೆ ನಿಜವಾಗಿಯೂ ನೋವು ತಂದಿತು.

ನಾನು ವಾರಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ ನಮ್ಮೂರಿನ ಕೆರೆಯ ಬಗ್ಗೆ ಎರಡು ಪುಟ ಬರೆದು ಹಿರಿಯ ಸಂಪಾದಕರಿಗೆ ಕೊಟ್ಟಿದ್ದೆ. ಅವರು ಓದಿ, “ತೂಬು ಯಾವ ದಿಕ್ಕಿಗಿದೆ? ಕೋಡಿ ಬಿದ್ದರೆ ನೀರು ಎಲ್ಲಿಗೆ ಹೋಗುತ್ತದೆ?” ಎಂದು ಕೇಳಿದರು. ಬಾಲ್ಯವೆಲ್ಲ ಅದರ ಏರಿಯ ಮೇಲೆ ಓಡಾಡಿದವನಿಗೆ ಉತ್ತರ ಗೊತ್ತಿರಲಿಲ್ಲ. ಆ ಭಾನುವಾರ ಊರಿಗೆ ಹೋಗಿ ನೀರಗಂಟಿಯ ಹಿಂದೆ ಏರಿಯ ಈ ತುದಿಯಿಂದ ಆ ತುದಿಯವರೆಗೆ ನಡೆದೆ. ತೂಬಿನ ಕಲ್ಲು ಎಲ್ಲಿ ಬಿರುಕು ಬಿಟ್ಟಿದೆ, ಮಳೆ ಹೆಚ್ಚಾದ ವರ್ಷ ಯಾರ ಗದ್ದೆ ಮೊದಲು ಮುಳುಗುತ್ತದೆ ಎಂದು ಆತ ತೋರಿಸುತ್ತ ಹೋದ. ತಿದ್ದಿ ಬರೆದಾಗ ಎರಡು ಪುಟ ಒಂದೂವರೆಗೆ ಇಳಿಯಿತು. ‘ರಮಣೀಯ’ ಎಂಬ ಪದ ತಾನಾಗಿ ಬಿದ್ದುಹೋಗಿತ್ತು. ಆ ಕೆರೆ ನನ್ನದು ಎಂದು ಮೊದಲ ಸಲ ಅನ್ನಿಸಿದ್ದು ಅಂದೇ.

ಇಷ್ಟು ಉದ್ದದ ಪತ್ರ ಬರೆಯಲು ಕಾರಣ ನಿಮ್ಮ ನಾಲ್ಕನೆಯ ಪುಟದ ಒಂದು ಸಾಲು. ಚಿತ್ರದೊಳಗಿನ ನೀರನ್ನು ನೋಡುತ್ತಿದ್ದಂತೆ “ಮಳೆಗಾಲದಲ್ಲಿ ಶಾಲೆಗೆ ಹೋಗಲು ದಾಟುತ್ತಿದ್ದ ನಮ್ಮ ಹಳ್ಳದ ಸಂಕ ನೆನಪಾಗಿ ಕಾಲು ನಡುಗಿತು” ಎಂದು ಬರೆದು, ಮರುಸಾಲಿನಲ್ಲೇ ಪ್ರಕೃತಿ ಮತ್ತು ಪುರುಷರ ಚರ್ಚೆಗೆ ಹೋಗಿಬಿಟ್ಟಿದ್ದೀರಿ. ಗಿರಣಿಯ ಕಟ್ಟೆಯಿಂದ ನೀರು ಧುಮುಕುವ ಸದ್ದು, ಕೊಳೆತ ಹಲಗೆಗಳು, ಲೋಳೆಗಟ್ಟಿದ ಕಂಬಗಳು ತನಗೆ ಪ್ರಿಯವೆಂದು ಕಾನ್‌ಸ್ಟೇಬಲ್ ಅದೇ 1821ರಲ್ಲಿ ಗೆಳೆಯನೊಬ್ಬನಿಗೆ ಪತ್ರ ಬರೆದಿದ್ದ. ನಿಮ್ಮ ಸಂಕ, ಆ ಮರದ ಕಾಲುಸೇತುವೆ, ಆ ಹಲಗೆಗಳ ಸಾಲಿಗೆ ಸೇರಿದ್ದು. ಅದನ್ನು ಬಿಟ್ಟು ಮುಂದೆ ಹೋಗಬೇಡಿ. ಅದಕ್ಕೆ ಅಡಿಕೆ ದಬ್ಬೆ ಹಾಕುತ್ತಿದ್ದರೋ ಕಾಡುಮರದ ದಿಮ್ಮಿಯೋ, ಕೈಹಿಡಿಗೆ ಬಳ್ಳಿ ಕಟ್ಟಿದ್ದರೋ ಬಿದಿರೋ, ನೀರು ಎಷ್ಟು ಏರಿದರೆ ಮನೆಯವರು ನಿಮ್ಮನ್ನು ಶಾಲೆಗೆ ಕಳುಹಿಸುತ್ತಿರಲಿಲ್ಲ ಎಂಬುದನ್ನು ಬರೆಯಿರಿ. ಮರೆತಿದ್ದರೆ ಊರಿಗೆ ಫೋನ್ ಮಾಡಿ, ತಿಳಿದವರನ್ನು ಕೇಳಿ; ಬಂಡಿಯ ಚಿತ್ರವನ್ನು ಅವನೂ ಊರಿನಿಂದಲೇ ತರಿಸಿಕೊಂಡಿದ್ದ. ಬರೆದು ನನಗೇ ಕಳುಹಿಸಿ, ಕಾಯುತ್ತಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ